ಬುಲೆಟ್ಟಿನ ಎಣ್ಣೆ ಕಡ್ಡಿ

ಕರಿಬಸಮ್ಮನಿಗೆ ಆ ಬುಲೆಟ್ ಗಾಡಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಅದರ ಎಣ್ಣೆಯ ಮೇಲೆ, ಬೆಳಗಾದರೆ ಸಾಕು ಅದನ್ನು ಅಳೆಯಲು ಕುಕ್ಕುರುಗಾಲಲ್ಲಿ ಕೂರುವ ಗಂಡನ ಮೇಲೆ.

ಗಂಡ ಧರ್ಮಪ್ಪ ಹೊನ್ನಾಳಿಯಲ್ಲಿ ಸರ್ವೇಯರ್. ಹಳ್ಳಿ ಹಳ್ಳಿ ತಿರುಗಿ ಹೊಲದ ಬದು ಅಳೆಯುವ ಕೆಲಸ. ಎಂಬತ್ತೊಂದನೆಯ ಇಸವಿಯ ದೀಪಾವಳಿಗೆ ಚನ್ನಗಿರಿಯ ಕಂಟ್ರಾಕ್ಟರೊಬ್ಬರಿಂದ ಹಳೆಯ ಬುಲೆಟ್ ಕೊಂಡು ತಂದ. ಅವಳು ಸಾಸ್ವೆಹಳ್ಳಿಯ ಶಾಲೆಯಲ್ಲಿ ಟೀಚರು. ದಿನಾ ಶಾಲೆಯ ಬಾಗಿಲಿಗೇ ಬಿಡುತ್ತೇನೆ ಅಂದಾಗ ಅವಳಿಗೂ ಖುಷಿಯೇ ಆಗಿತ್ತು. ತನ್ನ ಕಡೆಯವರಲ್ಲಿ ಮೋಟರ್ ಸೈಕಲ್ ಹತ್ತಿದ ಮೊದಲ ಹೆಂಗಸು ತಾನೇ ಎಂದು ಕೆಲವು ದಿನ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಆಮೇಲೆ ಎಣ್ಣೆ ಶುರುವಾಯಿತು.

ಬೆಳಿಗ್ಗೆ ಅವಳು ಬುತ್ತಿ ಕಟ್ಟಿ, ಬೀಗ ಹಾಕಿ ಹೊರಗೆ ಬಂದರೆ ಧರ್ಮಪ್ಪ ಗಾಡಿಯ ಬಲಮಗ್ಗುಲಲ್ಲಿ ಕೂತಿರುತ್ತಿದ್ದ. ಸೈಡ್ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತ ಗಾಡಿ, ರಾತ್ರಿಯೆಲ್ಲಾ ತಣ್ಣಗಾದ ಎಂಜಿನ್ನು. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುವಿ, ಅದಕ್ಕೆ ಅಂಟಿಕೊಂಡೇ ಇದ್ದ ಕಡ್ಡಿಯನ್ನು ಮೇಲೆತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಕಡ್ಡಿಯಲ್ಲಿ ಎರಡು ಗೆರೆ, ಎಣ್ಣೆ ಅವುಗಳ ನಡುವೆ ನಿಲ್ಲಬೇಕು. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರುತ್ತಿರಲಿಲ್ಲ.

"ಮತ್ತೆ ಕುಡಿದೈತೆ ನೋಡು," ಎಂದು ಡಬ್ಬಿ ಬಗ್ಗಿಸಿ ಸುರಿಯುತ್ತಿದ್ದ.

"ನಿನ್ನೆ ಹಾಕಿದ್ರಲ್ರೀ."

"ನಿನ್ನೆ ಊಟ ಮಾಡಿದೀನಿ ಅಂತ ಇವತ್ತು ಬಿಡ್ತೀಯೇನು?"

ಹೀಗೆ ಸುರಿದ ಎಣ್ಣೆ ಸಾಸ್ವೆಹಳ್ಳಿ ಮುಟ್ಟುವಷ್ಟರಲ್ಲಿ ಹೊರಗೆ ಬರುತ್ತಿತ್ತು. ಎಂಜಿನ್ನಿನ ಗಾಳಿ ಹೋಗಲೆಂದು ಎಡಗಡೆ ಒಂದು ರಬ್ಬರ್ ಪೈಪಿತ್ತು. ಅದು ದಾರಿಯುದ್ದಕ್ಕೂ ಕರಿ ಹನಿ ಸಿಡಿಸುತ್ತಿತ್ತು. ಅವಳು ಕಾಲು ಇಳಿಬಿಟ್ಟು ಕೂರುವುದೂ ಎಡಗಡೆಗೇ. ಸೀರೆಯ ಅಂಚು, ಲಂಗ, ಚಪ್ಪಲಿ, ಹಿಮ್ಮಡಿ ಎಲ್ಲಕ್ಕೂ ಎಣ್ಣೆ. ಸೀಮೆಎಣ್ಣೆ ಹಚ್ಚಿ ತಿಕ್ಕಿದಳು, ಕಡ್ಲೆಹಿಟ್ಟು ಹಾಕಿ ತಿಕ್ಕಿದಳು. ಕೊನೆಗೆ ಕಾಲಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೊರಟಳು. ಮೂರನೇ ಕ್ಲಾಸಿನ ಮಕ್ಕಳು ಅವಳು ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದವು.

"ಗಂಡಸರ ಹಂಗೆ ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕ್ಕೊಂಡು ಕೂರು. ಒಂದೇ ಕಾಲಿಗೆ ಬೀಳ್ತೈತೆ," ಎಂದು ಧರ್ಮಪ್ಪ ಉಪಾಯ ಹೇಳಿದ. ಅವಳು ಚೀಲವನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಳು.

ಹೊನ್ನಾಳಿಯ ಮೆಕ್ಯಾನಿಕ್ ಓಂಕಾರಪ್ಪನಿಗೆ ತೋರಿಸಿದ್ದೂ ಆಯಿತು. ಅವನು ಬಗ್ಗಿ ಸಹ ನೋಡಲಿಲ್ಲ. "ರಾತ್ರಿ ನಿಂತಾಗ ಎಣ್ಣೆ ತನ್ನ ಜಾಗ ಬಿಟ್ಟು ಎಂಜಿನ್ ತಳಕ್ಕೆ ಬಸೀತೈತ್ರಿ ಸಾಹೇಬ್ರೇ. ಕಡ್ಡಿಗೆ ಸಿಗಲ್ಲ. ಗಾಡಿ ಓಡಿಸಿ ಬಿಸಿ ಮಾಡ್ರಿ, ಸಮ ನೆಲದಾಗೆ ಡಬಲ್ ಸ್ಟ್ಯಾಂಡ್ ಹಾಕ್ರಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಒರೆಸಿ ಅದ್ದಿ ನೋಡ್ರಿ. ಈಗ ಜಾಸ್ತಿ ಆಗಿದ್ದೇ ಉಗುಳಾಕೆ ಹತ್ತೈತೆ."

ಧರ್ಮಪ್ಪ ಅಲ್ಲಿ ತಲೆಯಾಡಿಸಿದ. ಮನೆಗೆ ಬಂದು ಬೇರೆಯೇ ಹೇಳಿದ.

"ಎಣ್ಣೆ ಇಲ್ಲದ ಗಾಡಿ ಓಡಿಸು ಅಂತಾನಲ್ಲ, ಎಂಜಿನ್ ಸೀದು ಹೋದರೆ ಅವನಿಗೇ ತಾನೇ ಕೆಲಸ. ತಣ್ಣಗಿದ್ದಾಗ ಅಳೆದಿದ್ದೇ ಅಳತೆ. ಬಿಸಿಯಾದದ್ದು ಉಬ್ಬುತ್ತೆ. ಹಾಲು ಉಕ್ಕಲ್ಲೇನು?"

"ಅದು ಹಾಲಲ್ಲ ಕಣ್ರೀ."

"ಅಳತೆ ವಿಷಯ ನನಗೆ ಹೇಳಾಕೆ ಬರಬೇಡ."

ಇಪ್ಪತ್ತು ವರ್ಷದಿಂದ ಊರವರ ಹೊಲ ಅಳೆಯುವ ಮನುಷ್ಯನಿಗೆ ಇನ್ನೇನು ಹೇಳುವುದು ಎಂದು ಅವಳು ಸುಮ್ಮನಾದಳು. ಸುಮ್ಮನಾದದ್ದು ಬಾಯಿ ಮಾತ್ರ.

ಮಾಘದಲ್ಲಿ ತಂಗಿ ಅಂಜಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ತಂಗಿಯ ಊರು ಸೂಳೆಕೆರೆಯ ಮಗ್ಗುಲಲ್ಲಿ. ಕರಿಬಸಮ್ಮ ತನ್ನ ಮೊದಲ ಸಂಬಳದಲ್ಲಿ ತಂದಿದ್ದ, ಕೆಂಪಂಚಿನ ಹಸಿರು ರೇಷ್ಮೆ ಸೀರೆ ಉಟ್ಟಳು. "ಇವತ್ತೊಂದು ದಿನ ಎಣ್ಣೆ ಹಾಕಬೇಡ್ರಿ," ಎಂದು ಕೈಮುಗಿಯುವುದೊಂದು ಬಾಕಿ. ಅವಳು ತಲೆಗೆ ಹೂ ಮುಡಿದು ಹೊರಗೆ ಬರುವಷ್ಟರಲ್ಲಿ ಅವನು ಡಬ್ಬಿಯ ಮುಚ್ಚಳ ಹಾಕುತ್ತಿದ್ದ.

"ದೂರದ ದಾರಿ," ಅಂದ. "ಇರಲಿ ಅಂತ ಒಂದು ಲೋಟ ಜಾಸ್ತೀನೇ ಹಾಕಿದೀನಿ."

ಕೆರೆ ಏರಿಗೆ ಬರುವಷ್ಟರಲ್ಲಿ ಗಾಡಿ ಬಿಳಿ ಹೊಗೆ ಬಿಟ್ಟು ಕೆಮ್ಮತೊಡಗಿತು. ಧರ್ಮಪ್ಪ ನಿಲ್ಲಿಸಿದ. ಕರಿಬಸಮ್ಮ ಇಳಿದು ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಎಣ್ಣೆ ಚೀಲದ ಮೇಲಿನಿಂದ ಒಳಕ್ಕೆ ಇಳಿದಿತ್ತು. ರೇಷ್ಮೆಯ ಅಂಚು ಹಸಿರು ಯಾವುದು, ಕೆಂಪು ಯಾವುದು ತಿಳಿಯದ ಹಾಗೆ ಕಪ್ಪಾಗಿತ್ತು. ಅವಳಿಗೆ ಅಳುವೂ ಬರಲಿಲ್ಲ. ತಲೆ ಎತ್ತಿದರೆ ಗಂಡ ಗಾಡಿಯ ಪಕ್ಕದ ಪೆಟ್ಟಿಗೆಯಿಂದ ಎಣ್ಣೆ ಡಬ್ಬಿ ತೆಗೆಯುತ್ತಿದ್ದಾನೆ.

"ಏನು ಮಾಡ್ತಿದೀರಿ?"

"ಎಲ್ಲಾ ಸೋರಿ ಹೋಗೈತೆ. ಖಾಲಿಯಾಗಿರ್ತೈತೆ."

ಕರಿಬಸಮ್ಮ ಅವನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ಮದುವೆಯಾದ ಮೇಲೆ ಅವನ ಕೈಯಿಂದ ಏನನ್ನೂ ಹಾಗೆ ಕಿತ್ತುಕೊಂಡವಳಲ್ಲ. "ಡಬಲ್ ಸ್ಟ್ಯಾಂಡ್ ಹಾಕ್ರಿ," ಅಂದಳು. ದನಿ ಏರಿಸಲಿಲ್ಲ. ಮೂರನೇ ಕ್ಲಾಸಿನ ತುಂಟರಿಗೆ ಹೇಳುವ ದನಿ ಅದು. ಧರ್ಮಪ್ಪ ಗಾಡಿಯನ್ನು ಎತ್ತಿ ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ.

"ಈಗ ಕೂತ್ಕಳ್ರಿ. ಎಣ್ಣೆ ಇಳೀಲಿ."

ಇಬ್ಬರೂ ಏರಿಯ ಕಲ್ಲಿನ ಮೇಲೆ ಕೂತರು. ಕೆರೆಯಲ್ಲಿ ಯಾರೋ ಬಲೆ ಬೀಸುತ್ತಿದ್ದರು. ಅವನು ಕೆರೆಯನ್ನು ನೋಡಿದ, ಅವಳು ಸೀರೆಯನ್ನು ನೋಡಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮುಚ್ಚಳ ತಿರುವಿದಳು. ಬೆರಳು ಚುರ್ರೆಂದಿತು. ಹೇಗೂ ಕೆಟ್ಟಿದ್ದ ಅಂಚಿನಲ್ಲಿಯೇ ಕಡ್ಡಿ ಒರೆಸಿ, ಅದ್ದಿ, ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು. ಎಣ್ಣೆ ಮೇಲಿನ ಗೆರೆ ದಾಟಿ ಮುಚ್ಚಳದವರೆಗೂ ಹತ್ತಿತ್ತು.

"ನೀನು ಸರಿಯಾಗಿ ಒರೆಸಿಲ್ಲ."

"ನೀವೇ ಒರೆಸ್ರಿ."

ಅವನು ಕರ್ಚೀಫಿನಲ್ಲಿ ಒರೆಸಿ ಅದ್ದಿದ. ಮತ್ತೆ ಒರೆಸಿದ. ಮತ್ತೆ ಅದ್ದಿದ. ಕಡ್ಡಿ ಪ್ರತಿ ಸಲವೂ ಅದನ್ನೇ ಹೇಳಿತು. ಧರ್ಮಪ್ಪ ಕರ್ಚೀಫನ್ನು ಮಡಚಿ ಜೇಬಿಗಿಡಲು ಹೋಗಿ, ಎಣ್ಣೆ ನೆನಪಾಗಿ ಕೈಯಲ್ಲೇ ಹಿಡಿದುಕೊಂಡ.

"ಓಂಕಾರಪ್ಪ ಇಷ್ಟು ಬಿಡಿಸಿ ಹೇಳಲಿಲ್ಲ ಬಿಡು," ಅಂದ.

ಅವಳು ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಮಾತಿಗೆ ನಿಂತರೆ ಶಾಸ್ತ್ರ ಮುಗಿಯುವವರೆಗೂ ಏರಿಯ ಮೇಲೇ ಇರಬೇಕಾದೀತು ಅನ್ನಿಸಿತು.

ಹೊಗೆ ಬಿಡುತ್ತಲೇ ಗಾಡಿ ಊರು ಮುಟ್ಟಿತು. ಅಂಜಮ್ಮ ಬಾಗಿಲಿಗೆ ಬಂದವಳು ಅಕ್ಕನ ಸೀರೆ ನೋಡಿ ಒಳಗೆ ಕರೆದೊಯ್ದು ತನ್ನದೊಂದು ಸೀರೆ ಕೊಟ್ಟಳು. ಅಂಗಳದಲ್ಲಿ ಅವಳ ಗಂಡ ಜಯಪ್ಪ ಸ್ಪ್ಯಾನರ್ ತಂದು ಕೊಟ್ಟ. ಕೆಳಗಿನ ನಟ್ಟು ಸಡಿಲಿಸಿದಾಗ ಬಂದ ಎಣ್ಣೆಗೆ ಒಂದು ಡಬ್ಬಿ ಸಾಲದೆ ಬೋಗುಣಿಯನ್ನೂ ಹಿಡಿಯಬೇಕಾಯಿತು. ಬೇಕಾದಷ್ಟು ಉಳಿಸಿ, ಓಡಿಸಿ, ನಿಲ್ಲಿಸಿ, ಮತ್ತೆ ಅಳೆದರು. ಎಣ್ಣೆ ಎರಡು ಗೆರೆಯ ನಡುವೆ ನಿಂತಿತು. ಹೊಗೆಯೂ ನಿಂತಿತು.

ಮಗುವಿಗೆ ಹೆಸರಿಟ್ಟಾಯಿತು. ಒಳಗೆ ಎಲೆ ಹಾಸುತ್ತಿದ್ದ ಕರಿಬಸಮ್ಮನಿಗೆ ಅಂಗಳದಿಂದ ಗಂಡನ ಮಾತು ಕೇಳಿಸಿತು.

"ಬಹಳ ಜನಕ್ಕೆ ಗೊತ್ತಿಲ್ಲ ಜಯಪ್ಪ. ಬೆಳಿಗ್ಗೆ ಎದ್ದು ತಣ್ಣನೆ ಎಂಜಿನ್ನಿಗೆ ಕಡ್ಡಿ ಹಾಕ್ತಾರೆ, ಅದೂ ಸೈಡ್ ಸ್ಟ್ಯಾಂಡಿನ ಮೇಲೆ. ಅಂಥ ದಡ್ಡರಿಗೆ ಏನು ಹೇಳ್ತೀಯ? ಬಿಸಿ ಮಾಡಬೇಕು, ಸಮನೆಲ ಇರಬೇಕು. ನಿನ್ನ ಗಾಡಿ ಎಣ್ಣೆ ಹೆಂಗೆ ನೋಡ್ತೀಯ?"

"ನಂದು ರಾಜದೂತ್ ಅಣ್ಣ. ಎಂಜಿನ್ನಿಗೆ ಕಡ್ಡೀನೇ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸೋದು."

"ಕಡ್ಡಿ ಇಲ್ಲದೆ ಇರಾಕೆ ಸಾಧ್ಯನೇ ಇಲ್ಲ. ನಿನಗೆ ಯಾರೂ ತೋರಿಸಿಲ್ಲ. ಆ ಸ್ಪ್ಯಾನರ್ ಕೊಡಿಲ್ಲಿ."

ಕರಿಬಸಮ್ಮ ಕೈಯಲ್ಲಿದ್ದ ಎಲೆಗಳನ್ನು ತಂಗಿಯ ಮಡಿಲಿಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಹೊರಟಳು.