ಗುಂಡಿಗಳ ಡಬ್ಬಿಯಲ್ಲಿದ್ದ ಜೇಡ

ಮಸೂರದ ಆಚೆಯಿಂದ ನಾಲ್ಕು ಕಪ್ಪು ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ನಾನು ತಲೆ ವಾಲಿಸಿದೆ. ಅಕ್ಕಿಕಾಳಿನಷ್ಟೂ ಇಲ್ಲದ ಆ ಜೀವ ತಾನೂ ನನ್ನತ್ತ ತಿರುಗಿತು.

"ನೋಡ್ತಿದೆ ಮೇಡಂ!" ಎಂದು ಕೂಗಿಬಿಟ್ಟೆ.

"ಹೌದಕ್ಕಾ, ಈ ಜಿಗಿಯೋ ಜೇಡಗಳಿಗೆ ಕಣ್ಣೇ ಎಲ್ಲ," ಎಂದರು ಎವ್ಲಿನ್ ಮೇಡಂ.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವರು ರವಿಕೆಯ ಅಳತೆ ಕೊಡಲು ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. ಕಿಟಕಿಯ ಬಳಿ, ಗುಂಡಿಗಳ ಡಬ್ಬಿಯಲ್ಲಿ ಈ ಜೇಡ ಕಂಡದ್ದೇ ತಡ, ಅಳತೆ ಮರೆತೇಹೋಯಿತು. ಆರು ವರ್ಷದ ಹಿಂದೆ ಅವರಿಗೆ ಇಂಥದೇ ಕಿತ್ತಳೆ ಪಟ್ಟಿಯ ಗಂಡೊಂದು ಸಿಕ್ಕಿತ್ತಂತೆ. ಯಾವ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ. ಹೆಣ್ಣನ್ನೂ ಪರೀಕ್ಷಿಸದೆ ಹೆಸರಿಡಲು ಅವರ ಮನಸ್ಸು ಒಪ್ಪಿರಲಿಲ್ಲ. ಅಂದಿನಿಂದ ಅವರು ಹುಡುಕದ ಗೋಡೆಯಿಲ್ಲ, ಬೇಲಿಯಿಲ್ಲ. ಆ ಹೆಣ್ಣೇ ಈಗ ನನ್ನ ಡಬ್ಬಿಯಲ್ಲಿತ್ತು.

ಚೀಲದಿಂದ ಸ್ಪಿರಿಟ್ ತುಂಬಿದ ಸಣ್ಣ ಸೀಸೆ ಹೊರಬಂದಾಗಲೇ ನನಗೆ ಅರ್ಥವಾದದ್ದು: ಹೆಸರು ಪಡೆಯಬೇಕಾದರೆ ಅದು ಸಾಯಬೇಕು. ಅಷ್ಟರಲ್ಲಿ ಗುಂಡಿಗಳ ನಡುವೆ ಬಿಳಿ ನೂಲಿನ ಗೂಡು, ಅದರೊಳಗೆ ಮೊಟ್ಟೆಗಳು ಕಂಡವು.

"ಬಾಣಂತಿ ಮೇಡಂ ಅದು. ಮರಿಗಳು ಹೋಗ್ಲಿ. ಆಮೇಲೆ ನಿಮ್ಮಿಷ್ಟ."

"ಅಷ್ಟರೊಳಗೆ ಇದೇ ಹೋಗಿಬಿಟ್ರೆ?" ಗೂಡನ್ನು ಮಸೂರದಲ್ಲಿ ಇನ್ನೊಮ್ಮೆ ನೋಡಿ, ಅವರು ಸೀಸೆಯನ್ನು ಚೀಲಕ್ಕೆ ಹಾಕಿದರು.

ಹತ್ತೊಂಬತ್ತು ದಿನ ಆ ಡಬ್ಬಿಯನ್ನು ನಾನು ಮುಟ್ಟಲಿಲ್ಲ. ಗುಂಡಿಗಳನ್ನು ಪಕ್ಕದ ಅಂಗಡಿಯಿಂದ ತಂದೆ. ಮೇಡಂ ದಿನವೂ ಸಂಜೆ ಬಂದು ಕೂರುತ್ತಿದ್ದರು. ತಾಯಿ ಗೂಡು ಬಿಟ್ಟು ಕದಲಲಿಲ್ಲ. ನಾವು ಬಗ್ಗಿದಾಗಲೆಲ್ಲ ಅದೇ ನಾಲ್ಕು ಕಣ್ಣುಗಳು ಎದುರಾಗುತ್ತಿದ್ದವು. ಒಮ್ಮೆ ನನ್ನ ಕತ್ತರಿಯ ತುದಿ ಅಪ್ಪಿತಪ್ಪಿ ಹತ್ತಿರ ಹೋಯಿತು. ಅದು ಮುಂಗಾಲೆರಡನ್ನೂ ಎತ್ತಿ ಅಷ್ಟು ದೊಡ್ಡ ಕತ್ತರಿಗೆ ಅಡ್ಡ ನಿಂತಿತು. ಮೇಡಂ ಅಂದು ಬೇಗನೆ ಎದ್ದುಹೋದರು.

ಮರಿಗಳು ಒಂದೊಂದಾಗಿ ನೂಲು ಬಿಟ್ಟು ಗಾಳಿಯಲ್ಲಿ ತೇಲಿಹೋದ ದಿನವೂ ತಾಯಿ ಖಾಲಿ ಗೂಡಿನ ಮೇಲೆ ಕುಳಿತೇ ಇತ್ತು. ಮೇಡಂ ಸೀಸೆ ತೆರೆದರು. ಮಾತು ಕೊಟ್ಟವಳು ನಾನು, ತಡೆಯಲಿಲ್ಲ. ಮುಚ್ಚಳ ಹಾಕುವಾಗ ಅವರ ಕಣ್ಣು ತುಂಬಿತ್ತು.

ವರ್ಷ ಕಳೆದ ಮೇಲೆ ಮೇಡಂ ಆ ಜೇಡದ ಬಗ್ಗೆ ಅಚ್ಚಾದ ಹಾಳೆಗಳನ್ನು ಹಿಡಿದು ಬಂದರು. ಇಡೀ ಮೂರು ಪುಟ, ಒಂದೊಂದು ಕಾಲಿನ ಒಂದೊಂದು ರೋಮದ ಲೆಕ್ಕ ಸಹಿತ.

"ವಿಜಿಲಾನ್ಸ್ ಅಂತಿಟ್ಟೆ ಅಕ್ಕಾ. ಲ್ಯಾಟಿನ್ ಮಾತು. ಎಚ್ಚರವಾಗಿದ್ದು ಕಾಯೋಳು ಅಂತ. ನೀವೊಂದ್ಸಲ ಹೇಳಿ."

ಹೇಳಿದೆ. ನಾಲಿಗೆ ತೊಡರಿತು. ಇಬ್ಬರೂ ಸೇರಿ ಮೆಲ್ಲಗೆ ಮತ್ತೆ ಮತ್ತೆ ಹೇಳಿದೆವು. ತಲೆಯೆತ್ತಿ ನೋಡಿದರೆ, ಬಟ್ಟೆ ಒಯ್ಯಲು ಬಂದಿದ್ದ ಹೆಂಗಸೊಬ್ಬಳು ಒಳಗೆ ಮಂತ್ರ ಹೇಳುತ್ತಿದ್ದಾರೆಂದು ತಿಳಿದು, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಕೈಮುಗಿದು ನಿಂತಿದ್ದಳು.