ಅಪ್ಪನ ಅಂಗಿಗೆ ಅಂಟಿದ ಧೂಳು

ನಮ್ಮ ಬೀದಿಯ ಕೊನೆಮನೆಯ ಮಗುವಿಗೆ ನಾವೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಇನ್ನೂ ಮೂರು ತುಂಬದ ಹುಡುಗಿ, ಆದರೆ ಬಾಯಿಗೆ ಬೀಗವೇ ಇರಲಿಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆಲ್ಲ ಮನೆಯ ಸುದ್ದಿ ಬಿತ್ತರಿಸುತ್ತಿದ್ದಳು. ಅಜ್ಜಿ ಗೊರಕೆ ಹೊಡೆದದ್ದು, ಅಮ್ಮ ಅಡುಗೆಗೆ ಉಪ್ಪು ಮರೆತದ್ದು, ಅಪ್ಪ ಅದನ್ನೇ ತೆಪ್ಪಗೆ ಉಂಡದ್ದು, ಒಂದನ್ನೂ ಬಿಡುತ್ತಿರಲಿಲ್ಲ.

ಅಂಥವಳು ಮಾತು ಕಡಿಮೆ ಮಾಡಿದಳು. ರೇಡಿಯೋ ಕೆಟ್ಟಿತೇನೇ ಎಂದು ಮೊದಮೊದಲು ಅವಳ ಕೆನ್ನೆ ಹಿಂಡಿ ನಕ್ಕೆವು. ಆಮೇಲೆ ನಗು ಬರಲಿಲ್ಲ. ಮಗು ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡುತ್ತಿತ್ತು. ಮಲ ಕಟ್ಟುತ್ತಿತ್ತು. ಮುಖ ಬಿಳಿಚಿಕೊಂಡಿತು. ತಾಯಿ ಚಮಚ ತೋರಿಸಿ ಇದೇನು ಎಂದರೆ, ಚೆನ್ನಾಗಿ ಗೊತ್ತಿದ್ದ ಹೆಸರೇ ಬಾಯಿಗೆ ಬಾರದೆ ಅಳುತ್ತಿದ್ದಳು. ಜಂತುಹುಳದ ಔಷಧಿ ಆಯಿತು, ಟಾನಿಕ್ ಆಯಿತು, ಅಜ್ಜಿ ಹೇಳಿದ ಕಷಾಯವೂ ಆಯಿತು. ಯಾವುದೂ ನಾಟಲಿಲ್ಲ.

ಪಕ್ಕದ ಮನೆಯವಳಾದ ನನ್ನ ಹತ್ತಿರ ಆ ತಾಯಿ ಒಂದು ದಿನ ಬಟ್ಟೆ ಹಿಂಡುತ್ತಲೇ ಹೇಳಿದಳು, "ಅಕ್ಕಾ, ಈ ಮನೇನೇ ನನ್ನ ಮಗೂನ ತಿಂತಿದೆ ಅನ್ಸುತ್ತೆ." ನಾನು ಗದರಿದೆ. ಮನೆ ಹೇಗೆ ಮಗುವನ್ನು ತಿನ್ನುತ್ತದೆ, ತಲೆ ಕೆಟ್ಟಿದೆಯಾ ಎಂದೆ. ಆದರೆ ನನಗೂ ಭಯವಾಗಿತ್ತು.

ಮಗುವಿನ ಅಪ್ಪ ಬೀದಿಯಾಚೆಯ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಗಾಡಿಗಳ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸವನ್ನು ಕರಗಿಸಿ ಗಟ್ಟಿ ಎರಕ ಹೊಯ್ಯುವ ಕೆಲಸ. ಸಂಜೆ ಬಂದಾಗ ತಲೆಗೂದಲು, ಹುಬ್ಬು, ಅಂಗಿ ಎಲ್ಲ ಬೂದಿ ಬಣ್ಣ. ಬಂದವನೇ ಮಗುವನ್ನು ಎತ್ತಿ ಮುದ್ದಿಸುತ್ತಿದ್ದ, ಆಮೇಲೆ ಕೈಕಾಲು ತೊಳೆಯುತ್ತಿದ್ದ. ಹಗಲಲ್ಲಿ ಅಪ್ಪ ಬೇಕೆಂದು ಮಗು ಹಟ ಹಿಡಿದರೆ ತಾಯಿ ಅವನು ಹಿಂದಿನ ದಿನ ಬಿಚ್ಚಿಟ್ಟ ಅಂಗಿಯನ್ನು ಹಾಸಿ ಮಲಗಿಸುತ್ತಿದ್ದಳು. ಅಪ್ಪನ ವಾಸನೆಗೆ ಮಗು ಸುಮ್ಮನಾಗಿ, ಕಾಲರಿನ ತುದಿ ಚೀಪುತ್ತಾ ನಿದ್ದೆ ಹೋಗುತ್ತಿತ್ತು. ಹುಷಾರು ತಪ್ಪಿದ ಮೇಲಂತೂ ಹಗಲೂ ರಾತ್ರಿ ಆ ಅಂಗಿಯೇ ಹಾಸಿಗೆ.

ಒಂದು ಮಧ್ಯಾಹ್ನ ತಾಯಿ ಕೂಗಿದ್ದು ಕೇಳಿ ಓಡಿದೆ. ಮಗುವಿನ ಕಣ್ಣು ಮೇಲಾಗಿ, ಕೈಕಾಲು ಸೆಟೆದು ಅದುರುತ್ತಿತ್ತು. ತುಟಿ ನೀಲಿಯಾಗಿತ್ತು. ಆಟೋದಲ್ಲಿ ಆಸ್ಪತ್ರೆ ಸೇರುವ ತನಕ ತಾಯಿ ಒಂದೇ ಸಮನೆ ಮಗುವಿನ ಹೆಸರು ಕೂಗಿದಳು. ಇಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಅದುರುವುದು ನಿಂತಿತು, ಆದರೆ ಮಗು ಕಣ್ಣು ಬಿಡಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದು ನಮ್ಮ ಬೀದಿಗೆ ಲಸಿಕೆ ಹಾಕಲು ಬರುವ ನರ್ಸಮ್ಮ ಬಂದರು. ಜೊತೆಯಲ್ಲಿ ಬಾಲವಾಡಿಯ ಟೀಚರೂ ಇದ್ದರು. ಟೀಚರ್ ಹೇಳಿದ್ದು ಕೇಳಿ ಡಾಕ್ಟರು ಕುರ್ಚಿ ಎಳೆದು ಕೂತರು. ಬಾಲವಾಡಿಯಲ್ಲಿ ಇನ್ನೂ ಕೆಲವು ಮಕ್ಕಳು ಕಲಿತ ಹಾಡು ಮರೆಯುತ್ತಿದ್ದಾರೆ, ಸುಮ್ಮಸುಮ್ಮನೆ ಸಿಡುಕುತ್ತಾರೆ, ಹೊಟ್ಟೆನೋವು ಎನ್ನುತ್ತಾರೆ, ಅವರೆಲ್ಲರ ಮನೆಯ ಗಂಡಸರೂ ಅದೇ ಶೆಡ್ಡಿಗೆ ಹೋಗುತ್ತಾರೆ ಎಂದರು. ಡಾಕ್ಟರು ಆಗಲೇ ರಕ್ತ ತೆಗೆಸಿ, ಸೀಸ ಇದೆಯೇ ನೋಡಿ ಎಂದು ಪರೀಕ್ಷೆಗೆ ಕಳಿಸಿದರು.

ರಕ್ತದಲ್ಲಿ ಸೀಸ ಇತ್ತು. ಮಿದುಳಿಗೆ ವಿಷವಾಗುವಷ್ಟು ಇತ್ತು.

ಅಪ್ಪ ನಂಬಲಿಲ್ಲ. ಡಾಕ್ಟರು ಕರೆಸಿದ್ದ, ಕಾರ್ಖಾನೆಗಳ ಧೂಳು ಪರೀಕ್ಷಿಸುವ ಇಂಜಿನಿಯರಮ್ಮ ಆಸ್ಪತ್ರೆಗೆ ಬಂದದ್ದು ಕಂಡು ಅವನಿಗೆ ಇನ್ನೂ ರೇಗಿತು. "ಮಗೂನ ನೋಡೋಕೆ ಬಂದಿದ್ದೀರಾ, ನನ್ನ ಕೆಲಸ ತೆಗೆಸೋಕೆ ಬಂದಿದ್ದೀರಾ? ನನ್ನ ಮಗಳು ಆ ಶೆಡ್ಡಿಗೆ ಕಾಲೇ ಇಟ್ಟಿಲ್ಲ. ನಾನು ವರ್ಷಗಟ್ಟಲೆ ಅಲ್ಲೇ ದುಡಿದಿದ್ದೀನಿ, ನನಗೇನಾಗಿದೆ?"

ಬೆರಳು ಜೋಮು ಹಿಡಿಯುತ್ತದಾ, ಹೊಟ್ಟೆ ಹಿಂಡುತ್ತದಾ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಹೆಂಡತಿ ಹೌದೆಂದು ತಲೆಯಾಡಿಸಿದಳು.

"ದೊಡ್ಡವರ ದೇಹ ಒಂದಷ್ಟು ತಡ್ಕೊಳ್ಳುತ್ತೆ ಅಣ್ಣ, ಮಕ್ಕಳದ್ದು ತಡೆಯಲ್ಲ," ಎಂದರು ಡಾಕ್ಟರು. "ಮಗು ಏನು ತಿಂತು ಅಂತ ನಾನು ಎಷ್ಟು ಸಲ ಕೇಳಿದೆ. ನೀವೇನು ಕೆಲಸ ಮಾಡ್ತೀರಿ ಅಂತ ಒಂದು ಸಲಾನೂ ಕೇಳ್ಲಿಲ್ಲ."

ಅಷ್ಟು ಹೊತ್ತಿಗೆ ಅಜ್ಜಿ ಮನೆಯಿಂದ ಬಂದರು. ಮೊಮ್ಮಗಳು ಗೊತ್ತಿಲ್ಲದ ಜಾಗದಲ್ಲಿ ಹೆದರಬಾರದೆಂದು ಅಂಗಿಯನ್ನು ಮಡಚಿ ಸೆರಗಿನಲ್ಲಿ ತಂದಿದ್ದರು. ಅದನ್ನು ಮಗುವಿನ ತಲೆಯಡಿ ಇಡಲು ಹೋದಾಗ ನರ್ಸಮ್ಮ ಅವರ ಕೈ ಹಿಡಿದರು.

"ಅಜ್ಜಿ, ಇದು ಯಾರ ಅಂಗಿ?"

ಇಂಜಿನಿಯರಮ್ಮ ಚೀಲದಿಂದ ಪರೀಕ್ಷೆಯ ಹತ್ತಿ ತೆಗೆದರು. ಸೀಸ ತಗುಲಿದರೆ ಇದು ಕೆಂಪಾಗುತ್ತದೆ ಎಂದು ಹೇಳಿ ಕಾಲರಿನ ಮೇಲೆ ಒರೆಸಿದರು. ನಾವೆಲ್ಲ ಬಗ್ಗಿ ನೋಡಿದೆವು. ಹತ್ತಿ ಗುಲಾಬಿಯಾಗಿ, ಕೆಂಪಾಗಿ, ಕಡುಗೆಂಪಾಯಿತು.

"ಅವಳು ಹೆದರಬಾರ್ದು ಅಂತ ಹಾಸ್ತಿದ್ದೆ," ಎಂದಳು ತಾಯಿ.

ಅಪ್ಪ ತನ್ನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಅವನು ಕೇಳಿದ್ದು ಒಂದೇ ಮಾತು: "ಬದುಕ್ತಾಳಾ ಡಾಕ್ಟ್ರೇ?"

ಬದುಕಿದಳು. ಸೀಸವನ್ನು ಮೈಯಿಂದ ಹೊರಹಾಕುವ ಔಷಧಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕೊಟ್ಟರು. ಮತ್ತೆ ಅದೇ ಧೂಳಿಗೆ ಕಳಿಸಿದರೆ ಔಷಧಿ ಹೊಳೆಗೆ ಸುರಿದಂತೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನರ್ಸಮ್ಮ ನಮ್ಮನ್ನು ಕರೆದುಕೊಂಡು ಆ ಮನೆ ಹೊಕ್ಕರು. ಪೊರಕೆ ಮುಟ್ಟಬೇಡಿ, ಧೂಳು ಮೇಲೇಳುತ್ತದೆ ಎಂದು ಒದ್ದೆ ಬಟ್ಟೆಯಲ್ಲೇ ನೆಲ, ಕಿಟಕಿ, ಮಂಚದ ಕಾಲು ಒರೆಸಿಸಿದರು. ಟೀಚರ್ ಮಿಕ್ಕ ಮಕ್ಕಳನ್ನು ರಕ್ತಪರೀಕ್ಷೆಗೆ ಕರೆತಂದರು. ಶೆಡ್ಡನ್ನು ಸರಿಪಡಿಸಬೇಕೆಂದು ಇಂಜಿನಿಯರಮ್ಮ ಹೇಳಿದಾಗ ಅದರ ಯಜಮಾನ ಮೊದಲು ಮುಖ ಗಂಟಿಕ್ಕಿದ. ಬೀದಿಯ ಹೆಂಗಸರೆಲ್ಲ ಇಂಜಿನಿಯರಮ್ಮನ ಬೆನ್ನಿಗೆ ಹೋಗಿ ನಿಂತ ಮೇಲೆ ಅವನ ದನಿ ಮೆತ್ತಗಾಯಿತು. ಕರಗಿಸುವ ಒಲೆಗೆ ಹೊಗೆ ಹೀರುವ ಕೊಳವೆ ಬಂತು, ಸ್ನಾನದ ಮನೆ ಬಂತು, ಕೆಲಸದ ಬಟ್ಟೆಯನ್ನು ಅಲ್ಲೇ ಬಿಟ್ಟು ಅಲ್ಲೇ ಒಗೆಸುವ ಏರ್ಪಾಡಾಯಿತು. ಡಾಕ್ಟರು ಒಬ್ಬರೇ ಆಗಿದ್ದರೆ ಆ ಕೊಳವೆ ಎಲ್ಲಿಂದ ಬರಬೇಕು, ಇಂಜಿನಿಯರಮ್ಮ ಒಬ್ಬರೇ ಆಗಿದ್ದರೆ ಮಗುವಿನ ಮರೆವು ಅವರಿಗೆ ಹೇಗೆ ತಿಳಿಯಬೇಕು?

ಮಗು ಮನೆಗೆ ಬಂದ ಸಂಜೆ ನಾನೂ ನರ್ಸಮ್ಮನೂ ಅಲ್ಲಿದ್ದೆವು. ಅಪ್ಪ ಶೆಡ್ಡಿನಲ್ಲೇ ತಲೆಗೆ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಬಂದಿದ್ದ. ಮಗು ಎರಡೂ ಕೈ ಚಾಚಿತು. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಸ್ವಂತ ಮಗಳನ್ನು ಮುಟ್ಟಲು ಆ ಗಂಡಸು ಹೆದರಿದ್ದ.

"ಎತ್ಕೊಳ್ಳಲಾ ಸಿಸ್ಟರ್?"

"ಎತ್ಕೊಳ್ಳಿ. ಈಗ ಪರವಾಗಿಲ್ಲ."

ಕಳೆದುಹೋದ ಮಾತುಗಳಲ್ಲಿ ಕೆಲವು ಬಂದಿವೆ, ಕೆಲವು ಬಂದಿಲ್ಲ. ಬಾರದವು ಎಂದಾದರೂ ಬರುತ್ತವೆಯೇ ಎಂದರೆ ಡಾಕ್ಟರಿಗೂ ಗೊತ್ತಿಲ್ಲ.

ಈಗ ನಿಮಗೆ ಹೇಳುತ್ತೇನೆ, ಕೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಬ್ಯಾಟರಿ ಒಡೆಯುತ್ತಾರಾ, ಸೀಸ ಕರಗಿಸುತ್ತಾರಾ, ಹಳೆಯ ಬಣ್ಣ ಕೆರೆಯುತ್ತಾರಾ? ಹಾಗಿದ್ದರೆ ಮಕ್ಕಳ ರಕ್ತಪರೀಕ್ಷೆ ಮಾಡಿಸಿ. ಬಸುರಿಯರಿದ್ದರೆ ಅವರದ್ದೂ ಮಾಡಿಸಿ. ಕೆಲಸದ ಬಟ್ಟೆಯನ್ನು ಮನೆಗೆ ತರಬೇಡಿ, ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಲಿ ಬಿಡಲಿ, ನಾವು ಇಂಥ ಕೆಲಸ ಮಾಡುತ್ತೇವೆ ಎಂದು ನೀವೇ ಬಾಯಿಬಿಟ್ಟು ಹೇಳಿ. ಇವತ್ತು ಸಂಜೆ ನಿಮ್ಮ ಮಗು ನಿಮ್ಮತ್ತ ಓಡಿಬರುತ್ತದೆ. ಅದಕ್ಕೂ ಮೊದಲು ಅಂಗಿ ಬದಲಿಸಿ.