ಮುಚ್ಚಿದ ತಿರುವು

ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋಗುವಾಗ ಗುದ್ಲೆಪ್ಪನ ಮನೆಯ ಬುಟ್ಟಿಯಲ್ಲಿ ಕೆಳಗಿನ ಹೊಲದವರ ಊಟವೂ ಇರುತ್ತಿತ್ತು. ಆ ಹೊಲದ ಇಸ್ಮಾಯಿಲಸಾಬ ಇದ್ದಾಗಿನ ರೂಢಿ. ಅವನು ತೀರಿಕೊಂಡ ಮೇಲೂ ಹೆಂಡತಿ ಹುಸೇನಬಿ, ಮಗ ಇಜಾಜ ತಪ್ಪದೆ ಬರುತ್ತಿದ್ದರು. ಈ ವರ್ಷ ಮಾತ್ರ ಅವರು ಬರದಿದ್ದರೆ ಸಾಕಪ್ಪ ಎಂದು ಗುದ್ಲೆಪ್ಪ ಒಳಗೊಳಗೇ ಬೇಡಿಕೊಂಡಿದ್ದ.

ಹತ್ತಿಮತ್ತೂರಿನ ಹಳ್ಳ ಗುದ್ಲೆಪ್ಪನ ಹೊಲದ ಮೇಲ್ತುದಿಯಲ್ಲಿ ದೊಡ್ಡ ತಿರುವು ತೆಗೆದುಕೊಂಡು ಆಮೇಲೆ ವರದಾ ನದಿಯ ಕಡೆಗೆ ಹೋಗುತ್ತಿತ್ತು. ಮೇಲಿನ ಹೊಲದವರು ಒಬ್ಬರ ಹಿಂದೊಬ್ಬರು ದಂಡೆಯನ್ನು ಉತ್ತು ಗೋವಿನಜೋಳ ಹಾಕಿದರು. ಹಳ್ಳವೇನು ಕೋರ್ಟಿಗೆ ಹೋಗುತ್ತದೆಯೇ? ಬೇಸಿಗೆಯಲ್ಲಿ ಗುದ್ಲೆಪ್ಪನೂ ಜೆಸಿಬಿ ತರಿಸಿದ. ಹೊಂಗೆ, ಜಾಲಿ ಕೀಳಿಸಿ, ತಿರುವು ಮುಚ್ಚಿ ಸಪಾಟು ಮಾಡಿ ಬಿತ್ತಿದ. ಗೋವಿನಜೋಳ ಆಳೆತ್ತರ ಬೆಳೆದ ಮೇಲೆ ಕೆಳಗಿನವರಿಗೆ ಅದು ಕಾಣುವಂತಿರಲಿಲ್ಲ.

ಶ್ರಾವಣದಲ್ಲಿ ಮಳೆ ಜಡಿಯಿತು. ತಿರುವಿನಲ್ಲಿ ಸುತ್ತಿ ನಿಧಾನವಾಗುತ್ತಿದ್ದ ನೀರು ನೆಟ್ಟಗೆ ನುಗ್ಗಿ, ಇಸ್ಮಾಯಿಲಸಾಬ ಕೈಯಾರೆ ಹಬ್ಬಿಸಿದ್ದ ಎಲೆಬಳ್ಳಿ ತೋಟವನ್ನು ಮಣ್ಣು ಸಮೇತ ಎಳೆದುಕೊಂಡು ಹೋಯಿತು. ಒಡ್ಡು ಏರಿಸು ಎಂದು ಹುಸೇನಬಿ ಮಗನಿಗೆ ಹೇಳಿದ್ದಳು. ಅವನು ನಾಳೆ ನೋಡೋಣ ಎಂದಿದ್ದ. ತಪ್ಪೆಲ್ಲ ಅವನ ತಲೆಗೆ ಬಂತು. ತಾಯಿ ಮಾತು ಬಿಟ್ಟಳು. ಸಮಾಧಾನ ಹೇಳಲು ಹೋದ ಗುದ್ಲೆಪ್ಪ ಚಹಾ ಕುಡಿದು, "ಈಗಿನ ಹುಡುಗ್ರು ಹಿಂಗ ಬಿಡವಾ" ಎಂದು ಬಂದಿದ್ದ. ನಾಚಿಕೆಗೆಟ್ಟ ಮಾತು.

ಹುಣ್ಣಿಮೆಗೆ ಇಬ್ಬರೂ ಬಂದೇ ಬಂದರು. ಗುದ್ಲೆಪ್ಪನ ಹೆಂಡತಿ ಸುಶೀಲವ್ವ ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಇಜಾಜ ದೂರದಲ್ಲೇ ಕುಳಿತ.

"ಹತ್ರ ಬಾರಪಾ," ಎಂದಳು ಸುಶೀಲವ್ವ.

"ಅಂವ ಅಲ್ಲೇ ಕುಂದರ್ಲಿ ಬಿಡ. ಅಪ್ಪನ ತ್ವಾಟಾ ನೀರಿಗೆ ಕೊಟ್ಟಾಂವ," ಎಂದಳು ಹುಸೇನಬಿ.

ಇಜಾಜ ತಲೆ ತಗ್ಗಿಸಿ ರೊಟ್ಟಿ ಮುರಿದ. ಗುದ್ಲೆಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

"ತಂಗಿ, ಒಡ್ಡು ಏರಿಸಿದ್ರೂ ನೀರು ನಿಲ್ತಿದ್ದಿಲ್ಲ. ಬ್ಯಾಸಗ್ಯಾಗ ಮ್ಯಾಲಿನ ತಿರುವು ನಾ ಮುಚ್ಚಿಸೇನಿ. ನಿನ್ನ ತ್ವಾಟಕ್ಕ ನೀರಿಗೆ ನಾನ ಹಾದಿ ಮಾಡಿ ಕೊಟ್ಟೇನಿ."

"ಸುಮ್ನಿರ್ರಿ!" ಎಂದು ಸುಶೀಲವ್ವ ಗದರಿದಳು. ಅಷ್ಟರಲ್ಲಿ ಹೇಳುವುದೆಲ್ಲ ಹೇಳಿ ಆಗಿತ್ತು.

ಹುಸೇನಬಿ ಗೋವಿನಜೋಳದ ಕಡೆ ನೋಡಿದಳು, ಮಗನ ಕಡೆ ನೋಡಿದಳು.

"ಮಣ್ಣು ಹೋದ್ರ ಹೋಗ್ಲಿ ಅಣ್ಣಾ, ಕೆರಿ ಹೂಳು ತಂದು ಹಾಕಿಸ್ತಿದ್ನಿ. ಶ್ರಾವಣದಿಂದ ನಾ ಈ ಹುಡುಗನ್ನ ಹೆಸರು ಹಿಡದು ಕರದಿಲ್ಲ. ನಮ್ಮನಿಗೆ ಬಂದು ಚಾ ಕುಡದು ಹೋದಿ. ಆಗಾದ್ರೂ ಹೇಳಬಾರ್ದಾಗಿತ್ತಾ?"

ಹುಸೇನಬಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು. ಮಗನ ಹತ್ತಿರ ಹೋಗಿ ಅವನ ಕೈಯಲ್ಲಿದ್ದ ರೊಟ್ಟಿಯನ್ನು ತೆಗೆದು ಕೆಳಗಿಟ್ಟಳು.

"ಇಜಾಜ, ಏಳಪಾ. ಮನ್ಯಾಗ ನಾ ಮಾಡಿ ಹಾಕ್ತೇನಿ."

ಹೆಸರು ಕೇಳಿದ್ದೇ ತಡ, ಮೀಸೆ ಬಂದ ಆ ಹುಡುಗ ಕೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಗುದ್ಲೆಪ್ಪನಿಗೆ ತಲೆ ಎತ್ತಿ ನೋಡಲಾಗಲಿಲ್ಲ.